ತಲೆನೋವು

ಈ ಶಾಲೆಯಲ್ಲಿ ಓದಿದವರಲ್ಲಿ ಅನೇಕರು ಈಗ ತಾಯಂದಿರಾಗಿರುವುದರಿಂದ ಈ ವಿಷಯವನ್ನು ಆರಿಸಿಕೊಂಡೆವು. ಹುಡುಗಿಯು ತಲೆನೋವೆಂದರೆ ಅದು ಪಾಠ ತಪ್ಪಿಸುವ ನೆಪವೆನ್ನುವವರು ಮನೆಯಲ್ಲಿಯೂ ಶಾಲೆಯಲ್ಲಿಯೂ ಉಂಟು. ಜ್ವರವನ್ನು ಅಳೆಯಬಹುದು, ಗಾಯವನ್ನು ಕಣ್ಣಾರೆ ಕಾಣಬಹುದು. ತಲೆನೋವಿಗಾದರೋ ನೋವುಣ್ಣುವವಳ ಮಾತೇ ಬಹುಮಟ್ಟಿಗೆ ಸಾಕ್ಷಿ.

ಮೊದಲು ತಿಳಿಯತಕ್ಕದ್ದೇನೆಂದರೆ, ನೋಯುವುದು ಮಿದುಳಲ್ಲ. ಮಿದುಳಿನ ಒಡಲಿಗೆ ನೋವನ್ನರಿಯುವ ಶಕ್ತಿಯಿಲ್ಲ. ಆದಕಾರಣವೇ ರೋಗಿಯು ಎಚ್ಚರವಾಗಿರುವಾಗಲೂ ವೈದ್ಯರು ಅದರ ಮೇಲೆ ಶಸ್ತ್ರಕ್ರಿಯೆ ನಡಿಸಬಲ್ಲರು. ನೋಯುವವು ಅದನ್ನು ಸುತ್ತಿದ ಪೊರೆಗಳು, ರಕ್ತನಾಳಗಳು, ಕತ್ತು ನೆತ್ತಿಗಳ ಸ್ನಾಯುಗಳು.

ತಲೆಯ ಸುತ್ತಲೂ ಪಟ್ಟಿ ಬಿಗಿದಂತಾಗುವ ನೋವೇ ಎಲ್ಲಕ್ಕಿಂತ ಸಾಮಾನ್ಯವಾದುದು. ಇದರಿಂದ ಕೆಲಸ ಪೂರಾ ನಿಲ್ಲುವುದು ಅಪರೂಪ. ಹಿರಿಯರು ಅರೆತಲೆನೋವೆಂದು ಕರೆದ ಮೈಗ್ರೇನು ಬೇರೆ ಜಾತಿಯದು. ಅದು ಅನೇಕರಿಗೆ ಒಂದೇ ಪಕ್ಕದಲ್ಲಿ ನಾಡಿ ಮಿಡಿದಂತೆ ಮಿಡಿಯುವುದು, ಓಕರಿಕೆ ಬರುವುದು, ಬೆಳಕೂ ಸದ್ದೂ ಸಹಿಸವು. ದೊಡ್ಡವರಲ್ಲಿ 4 ಗಂಟೆಯಿಂದ 72 ಗಂಟೆಗಳ ವರೆಗೂ ನಿಲ್ಲಬಹುದು. ಕೆಲವರಿಗೆ ನೋವಿಗೆ ಮುಂಚೆ ಕಣ್ಣೆದುರು ಗರಗಸದ ಹಲ್ಲಿನಂಥ ಮಿನುಗುವ ಗೆರೆಗಳು ಕಾಣುವವು. ಮುಖದ ನರದ ತುದಿಗಳಲ್ಲಿ ಹೊರಡುವ ಒಂದು ದ್ರವ್ಯವು ಈ ನೋವಿಗೆ ಮುಖ್ಯ ಕಾರಣವೆಂದು ಕಂಡುಬಂದು, ಅದನ್ನು ತಡೆಯುವ ಔಷಧಗಳು 2018ರಿಂದ ಬಳಕೆಗೆ ಬಂದಿವೆ. ನೆಪಕ್ಕೆ ಔಷಧ ಹುಡುಕುವವರುಂಟೇ?

ಎಳೆಯ ವಯಸ್ಸಿನಲ್ಲಿ ಇದು ಹುಡುಗರಿಗೂ ಹುಡುಗಿಯರಿಗೂ ಹೆಚ್ಚು ಕಡಮೆ ಸಮನಾಗಿ ಬರುವುದು. ಮೈನೆರೆದ ಬಳಿಕ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಮುಟ್ಟಿನ ಮುಂಚೆ ಈಸ್ಟ್ರೋಜನ್ ಇಳಿಯುವುದು ಇದಕ್ಕೊಂದು ಕಾರಣ. ವಂಶದಲ್ಲಿ ಹರಿಯುವ ರೋಗವಾದುದರಿಂದ ಮಗಳನ್ನು ಗದರಿಸುವ ಮೊದಲು ತಾಯಿಯು ತನ್ನ ಬಾಲ್ಯವನ್ನು ನೆನೆಯುವುದು ಒಳ್ಳೆಯದು.

ತಿಂಡಿ ಬಿಟ್ಟು ಬಸ್ಸು ಹಿಡಿಯುವುದು, ಪರೀಕ್ಷೆಗೆಂದು ನಿದ್ದೆಗೆಡುವುದು, ಶೌಚಾಲಯಕ್ಕೆ ಹೋಗಬೇಕಾದೀತೆಂದು ದಿನವೆಲ್ಲ ನೀರು ಕುಡಿಯದಿರುವುದು (ಇದು ನಾವು ಅನೇಕ ಹುಡುಗಿಯರಲ್ಲಿ ಕಂಡದ್ದು) ತಲೆನೋವನ್ನು ಕರೆದು ತರುವವು. ಕನ್ನಡಕವೊಂದೇ ಪರಿಹಾರವೆಂಬ ನಂಬಿಕೆ ಅಷ್ಟು ಸರಿಯಲ್ಲ; ಆದರೂ ಕಣ್ಣು ತೋರಿಸುವುದರಲ್ಲಿ ನಷ್ಟವಿಲ್ಲ. ತಿಂಗಳಿಗೆ 15 ದಿನ ಅಥವಾ ಅದಕ್ಕೂ ಹೆಚ್ಚಾಗಿ, ಮೂರು ತಿಂಗಳಿಗೂ ಮೀರಿ ಸಾಧಾರಣ ನೋವಿನ ಮಾತ್ರೆ ನುಂಗುತ್ತ ಬಂದರೆ ಮಾತ್ರೆಯಿಂದಲೇ ತಲೆನೋವು ಹುಟ್ಟಬಹುದು. ವೈದ್ಯರು ಹೇಳದೆ ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು.

ಸಿಡಿಲೆರಗಿದಂತೆ ಒಮ್ಮೆಗೇ ಬಂದ ನೋವು, ಜ್ವರದೊಡನೆ ಕತ್ತು ಸೆಟೆಯುವುದು, ತಲೆಗೆ ಪೆಟ್ಟಾದ ಮೇಲಿನ ನೋವು, ಮಾತು ತೊದಲುವುದು, ಕೈಕಾಲು ಸೋಲುವುದು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋಗತಕ್ಕದ್ದು.