ಸರಾಸರಿ ಹೇಳುವುದೇನು? – ಆಟದ ಅಂಕಿಗಳ ಒಂದು ಅಧ್ಯಯನ

ಪ್ರೌಢಶಾಲೆಯ ಗಣಿತದಲ್ಲಿ ಸರಾಸರಿಯ ಪಾಠವು ಅತಿ ಸುಲಭವೆಂದು ಹೆಸರಾಗಿದೆ. ಕೂಡಿಸಬೇಕು, ಭಾಗಿಸಬೇಕು, ಉತ್ತರದ ಕೆಳಗೆ ಗೆರೆ ಎಳೆಯಬೇಕು. ಅಷ್ಟರಲ್ಲಿ ಗಂಟೆ ಬಾರಿಸುತ್ತದೆ. ಲೆಕ್ಕವೇನೋ ಸುಲಭವೇ. ಆದರೆ ಬಂದ ಉತ್ತರವು ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು ಎಂಬ ವಿವೇಚನೆ ಸುಲಭವಲ್ಲ. ಈ ವಿವೇಚನೆಯನ್ನು ಬೆಳೆಸಲು ಆಟದ ಬಯಲಿನಷ್ಟು ಒಳ್ಳೆಯ ಸಾಮಗ್ರಿ ಬೇರೆಡೆ ದೊರೆಯುವುದು ವಿರಳ. ಸಂತೆಕಲ್ಲೂರಿನಂಥ ಊರಿನ ಬಾಲಕರಿಗೂ ಪಠ್ಯದ ಸೂತ್ರಗಳಿಗಿಂತ ಕ್ರಿಕೆಟ್ಟಿನ ಅಂಕಿಗಳು ಹೆಚ್ಚು ಆಪ್ತವಷ್ಟೆ!

ಭದ್ರಾವತಿಯಲ್ಲಿ ಜನಿಸಿದ ಜಿ. ಆರ್. ವಿಶ್ವನಾಥರು 91 ಟೆಸ್ಟ್ ಪಂದ್ಯಗಳ 155 ಇನಿಂಗ್ಸುಗಳಲ್ಲಿ 6080 ಓಟಗಳನ್ನು ಗಳಿಸಿದರು. ಹತ್ತು ಸಲ ಔಟಾಗದೆ ಉಳಿದರು. ಕ್ರಿಕೆಟ್ಟಿನ ಪದ್ಧತಿಯಂತೆ ಇಲ್ಲಿ ಭಾಜಕವು 155 ಅಲ್ಲ, ಔಟಾದ 145 ಸಲಗಳು. ಆದುದರಿಂದ ಅವರ ಸರಾಸರಿ 41.93. ಆಡಿದ ಇನಿಂಗ್ಸುಗಳಿಂದಲೇ ಭಾಗಿಸಿದರೆ ಅದು 39.23ಕ್ಕೆ ಇಳಿಯುತ್ತದೆ. ಆಟಗಾರನು ಅವನೇ, ಓಟಗಳು ಅವೇ, ಭಾಜಕವೊಂದು ಬದಲಾಯಿತು. ಯಾವುದರಿಂದ ಭಾಗಿಸಬೇಕೆಂಬುದನ್ನು ಗಣಿತವು ನಿರ್ಣಯಿಸುವುದಿಲ್ಲ, ಪ್ರಶ್ನೆ ಕೇಳುವವನು ನಿರ್ಣಯಿಸುತ್ತಾನೆ.

ಈ ಲೆಕ್ಕದ ಪದ್ಧತಿ ಕ್ರಿಕೆಟ್ಟಿನಿಂದ ಅಮೆರಿಕದ ಬೇಸ್‌ಬಾಲ್ ಆಟಕ್ಕೂ ಹೋಯಿತು. ಇಂಗ್ಲೆಂಡಿನಲ್ಲಿ ಹುಟ್ಟಿ ನ್ಯೂಯಾರ್ಕಿನ ಪತ್ರಿಕೆಗಳಿಗೆ ಕ್ರಿಕೆಟ್ ವರದಿಗಳನ್ನು ಬರೆಯುತ್ತಿದ್ದ ಹೆನ್ರಿ ಚಾಡ್ವಿಕ್ ಎಂಬವರು ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ಅಲ್ಲಿಗೆ ಅಳವಡಿಸಿದರು. ಮುಂದೆ 1977ರಲ್ಲಿ ಕಾನ್ಸಾಸ್ ರಾಜ್ಯದ ಬಿಲ್ ಜೇಮ್ಸ್, ಕಾರ್ಖಾನೆಯೊಂದರ ರಾತ್ರಿ ಕಾವಲುಗಾರರಾಗಿದ್ದುಕೊಂಡೇ, ಬೇಸ್‌ಬಾಲ್ ಅಂಕಿಗಳ ವಿಶ್ಲೇಷಣೆಯನ್ನು ಸ್ವಂತ ಖರ್ಚಿನಿಂದ ಅಚ್ಚು ಹಾಕಿಸತೊಡಗಿದರು. ವಿದ್ಯೆಗೆ ಹುದ್ದೆಯ ಹಂಗಿಲ್ಲವೆಂಬುದಕ್ಕೆ ಇದೂ ಒಂದು ನಿದರ್ಶನ.

ಬೇಸ್‌ಬಾಲಿನಲ್ಲಿ ದಾಂಡಿಗನಿಗೆ ದೊರೆತ ನೂರು ಅವಕಾಶಗಳಲ್ಲಿ ಮೂವತ್ತು ಹೊಡೆತಗಳು ಸಫಲವಾದರೆ ಅವನು ಉತ್ತಮ ಆಟಗಾರ. 1970ರ ಋತುವಿನ ಆರಂಭದಲ್ಲಿ ತಲಾ 45 ಅವಕಾಶಗಳನ್ನು ಪಡೆದಿದ್ದ 18 ಆಟಗಾರರ ಅಂಕಿಗಳನ್ನು ಬ್ರಾಡ್ಲಿ ಎಫ್ರನ್ ಮತ್ತು ಕಾರ್ಲ್ ಮಾರಿಸ್ ಎಂಬ ಸಂಖ್ಯಾಶಾಸ್ತ್ರಜ್ಞರು ಪರಿಶೀಲಿಸಿದರು. ಅಗ್ರಸ್ಥಾನದಲ್ಲಿದ್ದ ರೊಬೆರ್ಟೊ ಕ್ಲೆಮೆಂಟೆಯವರು 45ರಲ್ಲಿ 18 ಸಲ, ಅಂದರೆ ನೂರಕ್ಕೆ 40ರಂತೆ ಸಫಲರಾಗಿದ್ದರು. ಕೊನೆಯವನ ಸಾಧನೆ 45ರಲ್ಲಿ 7 ಮಾತ್ರ. ಎಲ್ಲರ ಸರಾಸರಿ ನೂರಕ್ಕೆ ಇಪ್ಪತ್ತಾರೂವರೆ. ಉಳಿದ ಋತುವಿನಲ್ಲಿ ಇವರು ಹೇಗೆ ಆಡಿಯಾರು ಎಂಬುದು ಪ್ರಶ್ನೆ. ಈಗ ಆಡಿದಂತೆಯೇ ಮುಂದೆಯೂ ಆಡುವರೆಂದು ಊಹಿಸುವುದು ಸಹಜ. ಆದರೆ ಅವರು ಪ್ರತಿಯೊಬ್ಬನ ಅಂಕಿಯನ್ನೂ ಗುಂಪಿನ ಸರಾಸರಿಯತ್ತ ಬಲವಾಗಿ ಎಳೆದು, ಸ್ವಂತ ಅಂಕಿಗೆ ಸುಮಾರು ಐದನೆಯ ಒಂದು ಪಾಲು ಬೆಲೆಯನ್ನಷ್ಟೇ ಕೊಟ್ಟರು. ಹೀಗೆ ಮಾಡಿದಾಗ ತಪ್ಪುಗಳ ವರ್ಗಗಳ ಮೊತ್ತವು ಸಹಜ ಊಹೆಯದಕ್ಕಿಂತ ಮೂರನೆಯ ಒಂದು ಭಾಗಕ್ಕೂ ಕಡಿಮೆಯಾಯಿತು! ಕ್ಲೆಮೆಂಟೆ ಶ್ರೇಷ್ಠ ಆಟಗಾರರೇ. ಆದರೂ ಅವರು ಮುಂದೆ ನಲವತ್ತರಲ್ಲಿ ಉಳಿಯಲಿಲ್ಲ, ಮೂವತ್ತೈದರ ಸಮೀಪಕ್ಕೆ ಬಂದರು.

ಕಾರಣ ಗಹನವಾದುದಲ್ಲ. 45 ಅವಕಾಶಗಳಲ್ಲಿ ಸಾಮರ್ಥ್ಯದೊಂದಿಗೆ ಅದೃಷ್ಟವೂ ಬೆರೆತಿರುತ್ತದೆ. ಲೆಕ್ಕ ಹಾಕಿದರೆ, ಸಾಧಾರಣ ಆಟಗಾರನ ಅಂಕಿಯು ಅದೃಷ್ಟವೊಂದರಿಂದಲೇ ನೂರಕ್ಕೆ ಆರು ಏಳರಷ್ಟು ಅತ್ತಿತ್ತ ಸರಿಯಬಹುದು. ಅವಕಾಶಗಳು ನಾಲ್ಕು ಪಟ್ಟಾದರೆ ಈ ಓಲಾಟ ಅರ್ಧಕ್ಕೆ ಇಳಿಯುತ್ತದೆ. ಪಟ್ಟಿಯ ತಲೆಯಲ್ಲಿರುವವನಿಗೆ ಸಾಮಾನ್ಯವಾಗಿ ಅದೃಷ್ಟವೂ ಕೂಡಿ ಬಂದಿರುತ್ತದೆ, ಬುಡದಲ್ಲಿರುವವನಿಗೆ ಅದು ಕೈಕೊಟ್ಟಿರುತ್ತದೆ.

ಮಿತವಾದ ಅಂಕಿಗಳಿಂದ ಎಷ್ಟನ್ನು ತಿಳಿಯಲು ಸಾಧ್ಯ ಎಂಬ ಈ ಪ್ರಶ್ನೆಗೆ ಮೂಲಭೂತವಾದ ಉತ್ತರ ಕೊಟ್ಟವರು ನಮ್ಮ ಸೀಮೆಗೆ ದೂರದವರಲ್ಲ. ತುಂಗಭದ್ರೆಯ ಆಚೆಯ ಹೂವಿನಹಡಗಲಿಯಲ್ಲಿ 1920ರ ಸೆಪ್ಟೆಂಬರ್ 10ರಂದು ತೆಲುಗು ಮನೆಮಾತಿನ ಕುಟುಂಬದಲ್ಲಿ ಜನಿಸಿದ ಸಿ. ಆರ್. ರಾವ್ ಅವರು ಕಲ್ಕತ್ತಾ ಗಣಿತ ಸಂಘದ ಪತ್ರಿಕೆಯಲ್ಲಿ 1945ರಲ್ಲಿ ಪ್ರಕಟಿಸಿದ ಲೇಖನ ಜಗತ್ಪ್ರಸಿದ್ಧವಾಯಿತು. ಯಾವ ಕಡೆಗೂ ವಾಲದ ಅಂದಾಜು ಎಷ್ಟೇ ಜಾಣತನದ್ದಾದರೂ ಅದರ ಓಲಾಟವು ಒಂದು ಮಿತಿಗಿಂತ ಕೆಳಗೆ ಇಳಿಯಲಾರದು ಎಂದು ಅವರು ಅಲ್ಲಿ ಸಾಧಿಸಿದರು. ಬೇಸ್‌ಬಾಲಿನ ಉದಾಹರಣೆಯಲ್ಲಿ ಅಂದಾಜನ್ನು ಬೇಕೆಂದೇ ಗುಂಪಿನತ್ತ ವಾಲಿಸಿದ್ದರಿಂದ ಒಟ್ಟು ತಪ್ಪು ತಗ್ಗಿತೆಂಬುದನ್ನು ಇದರೊಂದಿಗೆ ಓದಿಕೊಳ್ಳಬೇಕು. ರಾವ್ ಅವರಿಗೆ 2023ರಲ್ಲಿ ಸಂಖ್ಯಾಶಾಸ್ತ್ರದ ಅಂತಾರಾಷ್ಟ್ರೀಯ ಪ್ರಶಸ್ತಿ ಸಂದಿತು. ಅದೇ ವರ್ಷ ಆಗಸ್ಟಿನಲ್ಲಿ, 102ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ವಿಶ್ವನಾಥರು 1969ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ಆಡಿದ ಮೊದಲ ಟೆಸ್ಟಿನ ಮೊದಲ ಇನಿಂಗ್ಸಿನಲ್ಲಿ ಸೊನ್ನೆಗೆ ಔಟಾದರು. ಅಂದಿಗೆ ಅವರ ಸರಾಸರಿಯೂ ಸೊನ್ನೆಯೇ. ಎರಡನೆಯ ಇನಿಂಗ್ಸಿನಲ್ಲಿ ಗಳಿಸಿದ್ದು 137. ಒಂದೇ ಕಿರುಪರೀಕ್ಷೆಯ ಅಂಕಗಳನ್ನು ನೋಡಿ ವಿದ್ಯಾರ್ಥಿಯನ್ನು ಹಿಂದಿನ ಬೆಂಚಿಗೆ ಕಳುಹಿಸುವ ಅಭ್ಯಾಸವಿರುವ ಉಪಾಧ್ಯಾಯರು ಈ ಎರಡು ಇನಿಂಗ್ಸುಗಳ ನಡುವಿನ ಕಾಲಾವಧಿಯನ್ನು ಒಮ್ಮೆ ಯೋಚಿಸಬಹುದು.

ಅಂಕಿಗಳು ಸಾಕಷ್ಟು ದೊರೆತ ಮೇಲೂ ತೊಡಕು ತೀರುವುದಿಲ್ಲ. ಕರ್ನಾಟಕದ ಇಬ್ಬರು ಲೆಗ್‌ಸ್ಪಿನ್ ಬೌಲರುಗಳನ್ನು ತೆಗೆದುಕೊಳ್ಳೋಣ. ಬಿ. ಎಸ್. ಚಂದ್ರಶೇಖರ್ 58 ಟೆಸ್ಟುಗಳಲ್ಲಿ 242 ವಿಕೆಟ್ ಪಡೆದರು. ವಿಕೆಟ್ಟಿಗೆ ಕೊಟ್ಟ ಓಟ 29.74. ಅನಿಲ್ ಕುಂಬ್ಳೆ 132 ಟೆಸ್ಟುಗಳಲ್ಲಿ 619 ವಿಕೆಟ್ ಪಡೆದರು. ಕೊಟ್ಟ ಓಟ 29.65. ವಿಕೆಟ್ಟಿಗೆ ಎಸೆದ ಚೆಂಡುಗಳೂ ಇಬ್ಬರದೂ ಸುಮಾರು 66. ಇಬ್ಬರೂ ಸಮಾನರೆಂದು ಸರಾಸರಿ ಸಾರುತ್ತದೆ. ಆದರೆ ಸ್ವದೇಶ, ವಿದೇಶ ಎಂದು ವಿಂಗಡಿಸಿದಾಗ ಚಿತ್ರವೇ ಬೇರೆ. ಕುಂಬ್ಳೆಯವರದು ಸ್ವದೇಶದಲ್ಲಿ 25ಕ್ಕಿಂತ ತುಸು ಕಡಿಮೆ, ವಿದೇಶದಲ್ಲಿ ಸುಮಾರು 36, ಅಂತರ ಹನ್ನೊಂದು. ಚಂದ್ರಶೇಖರರದು ಸುಮಾರು 28 ಮತ್ತು 33, ಅಂತರ ಐದು. ಹಾಗಾದರೆ ವಿದೇಶಕ್ಕೆ ಚಂದ್ರಶೇಖರರೇ ಮೇಲೇ? ತೀರ್ಪಿಗೆ ಅವಸರ ಸಲ್ಲದು. ಚಂದ್ರಶೇಖರರ ಜೊತೆಗೆ ಪ್ರಸನ್ನ, ಬೇಡಿ, ವೆಂಕಟರಾಘವನ್ ಇದ್ದರು. ಒಬ್ಬರು ದಣಿದರೆ ಇನ್ನೊಬ್ಬರಿದ್ದರು. ಕುಂಬ್ಳೆಯವರು ವಿದೇಶದಲ್ಲಿ ಪಡೆದ 269 ವಿಕೆಟ್ಟುಗಳೇ ಚಂದ್ರಶೇಖರರ ಜೀವಮಾನದ ಮೊತ್ತವನ್ನು ಮೀರುತ್ತವೆ. ಪಿಚ್ಚು ಬೇರೆ, ಕಾಲ ಬೇರೆ, ಎದುರಾಳಿಗಳು ಬೇರೆ. ವಿಂಗಡಣೆಯು ಪ್ರಶ್ನೆಯನ್ನು ಹರಿತಗೊಳಿಸಿತೇ ಹೊರತು ಮುಗಿಸಲಿಲ್ಲ.

ವಿಶ್ವನಾಥರ ಬಗೆಗೆ ಅಭಿಮಾನಿಗಳು ಹೇಳುವ ಇನ್ನೊಂದು ಮಾತುಂಟು: ಅವರು ಶತಕ ಬಾರಿಸಿದ ಯಾವ ಟೆಸ್ಟಿನಲ್ಲೂ ಭಾರತ ಸೋಲಲಿಲ್ಲ. ಮಾತು ನಿಜ. ಹದಿನಾಲ್ಕು ಶತಕಗಳು, ನಾಲ್ಕು ಗೆಲುವು, ಹತ್ತು ಸಮ. ಆದರೆ ಇದರಿಂದ ಶತಕವೇ ಸೋಲನ್ನು ತಡೆಯಿತೆಂದು ಹೇಳಬಹುದೇ? ದಾಂಡಿಗನೊಬ್ಬನು ನೂರು ಹೊಡೆದ ಪಂದ್ಯದಲ್ಲಿ ತಂಡದ ಮೊತ್ತವೂ ಸಾಮಾನ್ಯವಾಗಿ ದೊಡ್ಡದೇ ಇರುತ್ತದೆ. ಆ ಕಾಲದ ಟೆಸ್ಟುಗಳು ಸಮವಾಗುವುದೂ ಹೆಚ್ಚಾಗಿತ್ತು. ಇತರರ ಶತಕಗಳೊಂದಿಗೆ ಹೋಲಿಸದೆ ಹದಿನಾಲ್ಕರ ಮೇಲೆ ಸಿದ್ಧಾಂತ ಕಟ್ಟಲಾಗದು. ಅದೂ ಅಲ್ಲದೆ, 1975ರ ಜನವರಿಯಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ 64 ಓಟ ಕೊಟ್ಟು ಏಳು ವಿಕೆಟ್ ಕಿತ್ತಾಗ, ತಂಡದ 190ರಲ್ಲಿ ವಿಶ್ವನಾಥರೊಬ್ಬರೇ ಔಟಾಗದೆ 97 ಗಳಿಸಿದರು. ಭಾರತ 100 ಓಟಗಳಿಂದ ಗೆದ್ದಿತು. ಮೂರು ಓಟ ಕಡಿಮೆಯಾದ್ದರಿಂದ ಆ ಆಟವು ಶತಕಗಳ ಪಟ್ಟಿಯಲ್ಲಿ ಸೇರಿಲ್ಲ.

ಶಾಲೆಯ ಅಂಕಪುಸ್ತಕದಿಂದಲೂ ಇಂಥ ಅಭ್ಯಾಸವನ್ನು ಮಾಡಿಸಬಹುದು. ವರ್ಷದ ಮೊದಲ ಐದು ಪಂದ್ಯಗಳ ಸರಾಸರಿಯಂತೆ ಆಟಗಾರರನ್ನು ಸಾಲಾಗಿ ಬರೆಸಿ, ಉಳಿದ ಪಂದ್ಯಗಳ ಸರಾಸರಿಯನ್ನು ಪಕ್ಕದಲ್ಲಿ ಬರೆಸಬೇಕು. ಮೊದಲ ಮೂವರಲ್ಲಿ ಎಷ್ಟು ಜನ ಕೆಳಗಿಳಿದರು, ಕೊನೆಯ ಮೂವರಲ್ಲಿ ಎಷ್ಟು ಜನ ಮೇಲೇರಿದರು ಎಂಬುದನ್ನು ವಿದ್ಯಾರ್ಥಿಗಳೇ ಎಣಿಸಲಿ.