ಹೊರೆ ಹೊರುವ ಹೋತ

ಗಂಡು ಎಲ್ಕ್ ನಮ್ಮ ಕಡವೆಗಿಂತ ದೊಡ್ಡ ಪ್ರಾಣಿ. ಮೂಳೆ ಬಿಡಿಸಿದರೂ ಸುಮಾರು 90 ಕಿಲೋ ಮಾಂಸ ಉಳಿಯುತ್ತದೆ. ಅಮೆರಿಕದ ಐಡಾಹೊ ರಾಜ್ಯದ ಬೆಟ್ಟಗಳಲ್ಲಿ ಬಿಲ್ಲುಬೇಟೆ ನಡೆಯುವ ಸೆಪ್ಟೆಂಬರಿನಲ್ಲಿ ಮಧ್ಯಾಹ್ನದ ಬಿಸಿಲು ಚುರುಕಾಗಿಯೇ ಇರುತ್ತದೆ. ಗಾಡಿ ನಿಲ್ಲಿಸಿದ ಜಾಗ ಎರಡು ಗುಡ್ಡದಾಚೆ. ಒಬ್ಬನೇ ಹೊರುವುದಾದರೆ ಮೂರು ನಾಲ್ಕು ಸಲ ಹತ್ತಿ ಇಳಿಯಬೇಕು, ಅಷ್ಟರಲ್ಲಿ ಮಾಂಸ ಕೆಡುತ್ತದೆ. ಹೊಡೆದ ಪ್ರಾಣಿಯನ್ನು ಹಾಗೆ ಹಾಳು ಮಾಡುವುದು ಅಲ್ಲಿ ಕಾನೂನಿಗೂ ತಪ್ಪು, ನನ್ನ ಮನಸ್ಸಿಗೂ ಒಗ್ಗದು. ಹೊರುವ ಪ್ರಾಣಿ ಜೊತೆಗಿಲ್ಲದೆ ಎಲ್ಕ್ ಬೇಟೆಗೆ ಹೊರಡಬಾರದು ಅನ್ನುವುದನ್ನು ಅಲ್ಲಿನ ಬೋಯ್ಸಿ ನಗರಕ್ಕೆ ಬಂದ ಮೊದಲ ವರ್ಷಗಳಲ್ಲೇ ನಿಶ್ಚಯ ಮಾಡಿಕೊಂಡೆ.

ಕುದುರೆ, ಹೇಸರಗತ್ತೆ ಹೆಚ್ಚು ಹೊರುತ್ತವೆ. ಆದರೆ ಅವಕ್ಕೆ ಮೇವು ಬೇಕು, ಟ್ರೇಲರ್ ಬೇಕು, ಹಿತ್ತಲು ಸಾಲದು. ಲಾಮಾ ಒಳ್ಳೆಯದೇ, ಬೆಲೆ ಜಾಸ್ತಿ. ಸಿರಾ ಕಡೆಯ ಮೇಕೆ ಸಾಕುವ ಮನೆಯಲ್ಲಿ ಬೆಳೆದವನಿಗೆ ಮೇಕೆಯೇ ಕೈಗೆ ಹತ್ತಿದ್ದು. ಅಮೆರಿಕದ ಪಶ್ಚಿಮದಲ್ಲಿ ಈ ಪದ್ಧತಿಗೆ ದಾರಿ ಮಾಡಿದವರು ವಯೋಮಿಂಗ್‌ನ ಜೀವಶಾಸ್ತ್ರಜ್ಞ ಜಾನ್ ಮಿಯೊನ್ಚಿನ್ಸ್ಕಿ. 1970ರ ದಶಕದಲ್ಲಿ ಬಿಗ್‌ಹಾರ್ನ್ ಕಾಡುಕುರಿಗಳ ಅಧ್ಯಯನಕ್ಕೆ ಬೆಟ್ಟ ಅಲೆಯುವಾಗ ಅವರು ತಮ್ಮ ಸಾಮಾನನ್ನು ಮೇಕೆಗಳ ಮೇಲೆ ಹೇರಿದರು. ಮೇಕೆ ದಾರಿಯುದ್ದಕ್ಕೂ ಸೊಪ್ಪು ಕಿತ್ತು ತಿನ್ನುತ್ತದೆ, ಬಂಡೆ ಹತ್ತುತ್ತದೆ, ಹಗ್ಗವಿಲ್ಲದೆ ಹಿಂದೆ ಬರುತ್ತದೆ.

ಮರಿ ಆರಿಸುವ ಮುಂಚೆ ಊರಿಗೆ ಫೋನ್ ಮಾಡಿದ್ದೆ. ಮಾವ ಹೇಳಿದ್ದು ಇಷ್ಟೇ: "ಮರಿ ಮುದ್ದು ನೋಡಿ ಮರುಳಾಗ್ಬೇಡ ಕಣೋ. ತಾಯಿ ಕಾಲು ನೋಡು, ಅಪ್ಪನ ಬೆನ್ನು ನೋಡು." ಸೇನನ್, ಆಲ್ಪೈನ್, ಓಬರ್‌ಹಾಸ್ಲಿ, ಯಾವ ತಳಿಯಾದರೂ ಆ ಮಾತು ಸರಿ. ತಾಯಿಯನ್ನು ಹಿಂದಿನಿಂದ ನಡೆಸಿ ನೋಡಬೇಕು. ಹಿಂಗಾಲುಗಳ ಮಂಡಿ ಒಂದಕ್ಕೊಂದು ತಾಗಬಾರದು, ಗೊರಸಿನ ಮೇಲಿನ ಗಂಟು ನೆಲಕ್ಕೆ ಕುಸಿಯಬಾರದು, ಎದೆ ಅಗಲವಾಗಿರಬೇಕು. ಮುಂಗಾಲು ಎತ್ತಿದ ಜಾಗದ ಹತ್ತಿರವೇ ಹಿಂಗಾಲು ಬೀಳಬೇಕು. ಜೊತೆಗೆ ಸಂಧಿವಾತ ತರುವ ಸಿಎಇ ವೈರಸ್‌ಗೆ ತಾಯಿಯ ರಕ್ತಪರೀಕ್ಷೆ ಆಗಿದೆಯೇ ಎಂದು ಕೇಳಲೇಬೇಕು. ಈ ರೋಗ ಗಿಣ್ಣುಹಾಲಿನಲ್ಲೇ ಮರಿಗೆ ದಾಟುತ್ತದೆ. ಅಮೆರಿಕದ ಸಾಕಣೆದಾರರು ಗಿಣ್ಣುಹಾಲನ್ನು 57 ಡಿಗ್ರಿಯ ಆಸುಪಾಸಿನಲ್ಲಿ ಒಂದು ಗಂಟೆ ಇಟ್ಟು ಕುಡಿಸುತ್ತಾರೆ. ಅದಕ್ಕಿಂತ ಕಾವು ಏರಿದರೆ ನಮ್ಮ ಮನೆಗಳಲ್ಲಿ ಆಗುವಂತೆ ಗಿಣ್ಣೇ ಆಗಿಬಿಡುತ್ತದೆ, ಮರಿಗೆ ದಕ್ಕುವುದಿಲ್ಲ.

ಬಾಟಲಿ ಹಾಲು ಕುಡಿಸಿ ಸಾಕಿದ ಮರಿಗೆ ಮನುಷ್ಯನೇ ಹಿಂಡಿನ ಹಿರಿಯ. ಹೊರೆ ಹೊತ್ತು ಹಿಂದೆ ಬರುವ ಗುಣ ಬರುವುದು ಅಲ್ಲಿಂದ, ತರಬೇತಿ ಆಮೇಲಿನದು. ಆದರೆ ಮುದ್ದಿಗೂ ಮಿತಿ ಇರಬೇಕು. ನನ್ನ ಮಕ್ಕಳು ಮರಿಯ ಹಣೆಗೆ ಕೈಯಿಟ್ಟು ನೂಕಿ ಆಡುವುದನ್ನು ಮೊದಲ ದಿನವೇ ನಿಲ್ಲಿಸಿದೆ. ಅದೇ ಮರಿ ನಾಳೆ 90 ಕಿಲೋ ತೂಗುವ ಹೋತ ಆಗುತ್ತದೆ, ಆಗಲೂ ಅದಕ್ಕೆ ಹಣೆ ಕೊಡುವುದು ಆಟವೇ.

ಹೊರೆಗೆ ಬೇಕಾದದ್ದು ಬೀಜ ಒಡೆಸಿದ ಗಂಡು. ಬೀಜ ಇದ್ದರೆ ಶರತ್ಕಾಲದಲ್ಲಿ, ಅಂದರೆ ಬೇಟೆಯ ಕಾಲದಲ್ಲೇ, ಅದಕ್ಕೆ ಬೆದೆ, ನಾತ, ಹಟ. ಯಾವಾಗ ಒಡೆಸಬೇಕು ಅನ್ನುವುದರಲ್ಲಿ ಭಿನ್ನಾಭಿಪ್ರಾಯ ಉಂಟು. ನಾನು ಕೆಲವು ತಿಂಗಳು ಕಾಯುವವರ ಪಕ್ಷ. ಹೋತದ ಮೂತ್ರನಾಳ ಮೊದಲೇ ಸಣ್ಣದು, ಎಳೆತನದಲ್ಲೇ ಒಡೆಸಿದರೆ ಅದು ಚೆನ್ನಾಗಿ ಅಗಲವಾಗುವುದಿಲ್ಲ ಎಂಬ ವಾದ ನನಗೆ ಒಪ್ಪಿಗೆ. ಇಂಥ ಹೋತಗಳನ್ನು ಕೊಲ್ಲುವುದು ಹೆಚ್ಚಾಗಿ ಕರಡಿಯಲ್ಲ, ಮೂತ್ರದ ಕಲ್ಲು. ಪ್ರೀತಿಗೆಂದು ದಿನಾ ಒಂದು ಬೊಗಸೆ ಜೋಳ ಹಾಕಿದರೆ ರಂಜಕ ಹೆಚ್ಚಿ ಕಲ್ಲು ಕಟ್ಟುತ್ತದೆ. ನಮ್ಮ ಮನೆಯ ಒಂದು ಹೋತ ಒಂದು ಬೆಳಿಗ್ಗೆ ಹಿಂಗಾಲು ಹಿಂದಕ್ಕೆ ಚಾಚಿ, ಬಾಲ ಮಿಡುಕಿಸುತ್ತ, ಹಲ್ಲು ಕಡಿಯುತ್ತ ನಿಂತಿತ್ತು. ಕೆಳಗೆ ಬಗ್ಗಿ ನೋಡಿದರೆ ತೊಟ್ಟು ತೊಟ್ಟಾಗಿ ಬೀಳುತ್ತಿತ್ತು, ಕೂದಲಿಗೆ ಮರಳಿನಂಥ ಕಾಳು ಅಂಟಿತ್ತು. ಉಚ್ಚೆ ಕಟ್ಟಿದೆ ಎಂದು ಗೊತ್ತಾಗಿ ಆಗಲೇ ಪಶುವೈದ್ಯರ ಬಳಿ ಒಯ್ದದ್ದರಿಂದ ಉಳಿಯಿತು. ಮರುದಿನದವರೆಗೆ ಬಿಟ್ಟಿದ್ದರೆ ಮೂತ್ರಕೋಶ ಒಡೆಯುತ್ತಿತ್ತು. ಒಣಹುಲ್ಲು, ಖನಿಜ ಉಪ್ಪು, ಚಳಿಗಾಲದಲ್ಲಿ ಉಗುರುಬೆಚ್ಚಗಿನ ನೀರು. ಇಷ್ಟಿದ್ದರೆ ಕೆಲಸವಿಲ್ಲದ ತಿಂಗಳುಗಳಲ್ಲಿ ಕಾಳು ಬೇಕಿಲ್ಲ.

ತಾಳ್ಮೆ ಬೇಕಾದದ್ದು ಮುಂದೆ. ಮೊದಲ ವರ್ಷ ಬರಿಮೈಯಲ್ಲಿ ನಡೆಸುವುದು, ಹಳ್ಳ ದಾಟಿಸುವುದು. ಮೇಕೆಗೆ ನೀರೆಂದರೆ ಆಗದು. ಮರಿಯಾಗಿದ್ದಾಗ ನಾವೇ ನೀರಿಗಿಳಿದು ಆಚೆ ದಡ ಸೇರಿದರೆ ಅರಚುತ್ತಲೇ ಹಿಂದೆ ಬರುತ್ತದೆ. ಎರಡನೇ ವರ್ಷ ಖಾಲಿ ತಡಿ, ಮೂರನೇ ವರ್ಷ ಅರೆಹೊರೆ. ಮೂಳೆ ಬಲಿತು ನಾಲ್ಕು ವರ್ಷ ತುಂಬಿದ ಮೇಲೆ ಮೈತೂಕದ ಕಾಲು ಭಾಗದವರೆಗೆ, ಅಂದರೆ 20 ಕಿಲೋದ ಆಸುಪಾಸು. ಎರಡು ಚೀಲ ಸಮತೂಕ ಇರಲೇಬೇಕು. ನಾನು ಕೊಂಡಿತಕ್ಕಡಿಯನ್ನು ಜೇಬಿನಲ್ಲೇ ಇಟ್ಟುಕೊಂಡಿರುತ್ತೇನೆ. ಒಂದು ಕಡೆ ಜಗ್ಗಿದರೆ ತಡಿ ವಾಲಿ, ಮರದ ಅಂಚು ಬೆನ್ನೆಲುಬಿಗೆ ಉಜ್ಜಿ ಹುಣ್ಣಾಗುತ್ತದೆ. ನಾಲ್ಕು ಬಲಿತ ಹೋತಗಳಿದ್ದರೆ ಎಲ್ಕ್‌ನ ಮಾಂಸದ ಬಹುಪಾಲು ಒಂದೇ ಸಲಕ್ಕೆ ಇಳಿಯುತ್ತದೆ, ಉಳಿದದ್ದು ನನ್ನ ಬೆನ್ನಿಗೆ. ಬೇರೆ ಬೇಟೆಗಾರರ ಕಣ್ಣಿಗೆ ಜಿಂಕೆಯಂತೆ ಕಾಣದಿರಲಿ ಎಂದು ಪ್ರತಿಯೊಂದಕ್ಕೂ ಕಿತ್ತಳೆ ಬಣ್ಣದ ಬಟ್ಟೆ, ಕೊರಳಿಗೆ ಗಂಟೆ.

ಮಿಯೊನ್ಚಿನ್ಸ್ಕಿ ಅಧ್ಯಯನ ಮಾಡುತ್ತಿದ್ದ ಆ ಕಾಡುಕುರಿಗಳಿಗೇ ಈಗ ನಮ್ಮ ಮೇಕೆಗಳಿಂದ ಅಪಾಯ ಇದೆ. ಸಾಕುಕುರಿ, ಸಾಕುಮೇಕೆಗಳ ಮೂಗಿನಲ್ಲಿ ಸುಮ್ಮನಿರುವ ಮೈಕೋಪ್ಲಾಸ್ಮಾ ಓವಿನ್ಯುಮೋನಿಯೇ ಎಂಬ ಸೂಕ್ಷ್ಮಜೀವಿ ಬಿಗ್‌ಹಾರ್ನ್‌ಗೆ ತಗುಲಿದರೆ ಹಿಂಡಿಗೆ ಹಿಂಡೇ ನ್ಯುಮೋನಿಯಾದಿಂದ ಸಾಯಬಹುದು, ಬದುಕಿದವುಗಳ ಮರಿಗಳು ವರ್ಷಗಟ್ಟಲೆ ಉಳಿಯದೆ ಹೋಗಬಹುದು. ವಯೋಮಿಂಗ್‌ನ ಶೋಶೋನ್ ಅರಣ್ಯದಲ್ಲಿ ಕಾಡುಕುರಿ ಇರುವ ಕಡೆ ಹೊರೆಮೇಕೆಗಳಿಗೆ ನಿರ್ಬಂಧ ಬಂದದ್ದು ಇದಕ್ಕೇ. ಆ ನಿರ್ಬಂಧ ಸರಿ ಎಂದೇ ನನ್ನ ನಿಲುವು, ಗೆಳೆಯರಲ್ಲಿ ಕೆಲವರಿಗೆ ಇದು ಹಿಡಿಸುವುದಿಲ್ಲ. ನಮ್ಮ ಮೇಕೆಗಳ ಮೂಗಿನ ದ್ರವವನ್ನು ಪರೀಕ್ಷೆಗೆ ಕಳಿಸುತ್ತೇವೆ. ವರದಿ ಶುದ್ಧವಾಗಿ ಬಂದರೂ ರಾತ್ರಿ ಅವನ್ನು ಕಟ್ಟಿಯೇ ಮಲಗುತ್ತೇವೆ, ಒಂದೂ ತಪ್ಪಿಸಿಕೊಂಡು ಬೆಟ್ಟದಲ್ಲಿ ಉಳಿಯಬಾರದು. ಹೋಗುವ ಜಾಗದ ನಕ್ಷೆಯನ್ನು ಕಾಡುಕುರಿಗಳ ನಕ್ಷೆಯ ಪಕ್ಕ ಇಟ್ಟು ನೋಡುತ್ತೇವೆ. ಕಳೆದ ಸಲ ಕಾಡುಕುರಿಗಳಿರುವ ಸಾಮನ್ ನದಿಯ ಕಡೆ ಬೇಟೆಗೆ ಹೊರಟಾಗ ಮೇಕೆಗಳನ್ನು ಮನೆಯಲ್ಲೇ ಬಿಟ್ಟು, ಬಾಡಿಗೆಗೆ ಎರಡು ಹೇಸರಗತ್ತೆ ತಂದೆವು.