ಭಾನುವಾರ ಬನ್ನಿ, ಕೆಜಿಎಫ್‌ನಲ್ಲಿ ಜನ ಸಿಗುತ್ತಾರೆ

ಡಿಸೆಂಬರ್ ರಜೆ ಹತ್ತಿರ ಬಂತೆಂದರೆ ಹೊರದೇಶದಿಂದ ಊರಿಗೆ ಹೊರಟವರ ಪತ್ರಗಳು ಹೆಚ್ಚುತ್ತವೆ. ಈ ಸಲ ಕೆಜಿಎಫ್ ಮತ್ತು ಬಂಗಾರಪೇಟೆಯ ನಂಟಿರುವ ಪತ್ರಗಳನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಅವುಗಳಲ್ಲಿ ಒಂದು ಬರುವವರದಲ್ಲ, ಬರಮಾಡಿಕೊಳ್ಳುವವರದು.

ಪ್ರಶ್ನೆ: ನಮ್ಮ ಯಜಮಾನರು ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ ಹುಟ್ಟಿ ಬೆಳೆದವರು. ನಾನು ಮೈಸೂರಿನವಳು. ಮಕ್ಕಳಿಬ್ಬರೂ ಇಲ್ಲಿಯೇ ಹುಟ್ಟಿದವರು, ದೊಡ್ಡವಳಿಗೆ ಹದಿನಾಲ್ಕು. ‘ಕೆಜಿಎಫ್’ ಸಿನಿಮಾ ನೋಡಿದಾಗಿನಿಂದ ಗಣಿಯೊಳಗೆ ಇಳಿಯಲೇಬೇಕೆಂದು ಹಟ ಹಿಡಿದಿದ್ದಾರೆ. ವೈಟ್‌ಫೀಲ್ಡ್‌ನಲ್ಲಿ ಹೋಟೆಲ್ ಮಾಡಿಕೊಂಡು, ನಡುವೆ ಒಂದು ದಿನ ಕಾರಿನಲ್ಲಿ ಕೆಜಿಎಫ್‌ಗೆ ಹೋಗಿಬರುವ ಯೋಚನೆ. ಯಜಮಾನರ ಸೋದರತ್ತೆ, ಚಿಕ್ಕಪ್ಪಂದಿರ ಮಕ್ಕಳು ಎಲ್ಲ ಅಲ್ಲೇ ಇದ್ದಾರೆ. ಒಂದು ದಿನ ಸಾಕಾಗುತ್ತದೆಯೇ?
— ಓದುಗರು, ಮೆಲ್ಬರ್ನ್

ಉತ್ತರ: ಗಣಿಗೆ ಇಳಿಯಲಾಗದು. ಇದನ್ನು ವಿಮಾನ ಹತ್ತುವ ಮೊದಲೇ ಮಕ್ಕಳಿಗೆ ಹೇಳಿಬಿಡಿ. ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಬಾಗಿಲು ಹಾಕಿತು. ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿಕೊಂಡಿದೆ. ಕಾಸು ಕೊಟ್ಟರೆ ಒಳಗೆ ತೋರಿಸುತ್ತೇನೆ ಎನ್ನುವವರು ಸಿಕ್ಕರೆ ಅವರ ಹಿಂದೆ ಹೋಗಬೇಡಿ. ಸೈನೈಡ್ ದಿಬ್ಬಗಳನ್ನು ರಸ್ತೆಯಿಂದಲೇ ತೋರಿಸಿ. ಚಿನ್ನ ತೆಗೆದು ಉಳಿದ ಅದಿರಿನ ಪುಡಿ ಅದು. ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳುವ ಜಾಗವಲ್ಲ.

ಸಿನಿಮಾಕ್ಕಿಂತ ಒಳ್ಳೆಯ ಕಥೆ ನಿಮ್ಮ ಮಗಳಿಗೆ ಬೇಕಿದ್ದರೆ ಇಲ್ಲಿದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕಾವೇರಿಯಿಂದ ನೇರವಾಗಿ ಬಂದದ್ದು ಈ ಗಣಿಗಳಿಗೆ. ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿದ್ದು ಅದಾದ ಮೂರು ವರ್ಷಕ್ಕೆ. 1965ರಲ್ಲಿ ನೆಲದಿಂದ ಎರಡು ಕಿಲೋಮೀಟರಿಗಿಂತಲೂ ಆಳದಲ್ಲಿ, ಅದೂ ಚಾಂಪಿಯನ್ ರೀಫ್ ಗಣಿಯಲ್ಲೇ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನವರ ಜೊತೆ ಸೇರಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವು ಹಿಡಿದರು. ಮೇಲಿನ ಅಷ್ಟೂ ಬಂಡೆ ಬೇರೆ ಕಣಗಳನ್ನು ತಡೆದುಬಿಡುತ್ತಿತ್ತು, ಹಾಗಾಗಿ ಅವರಿಗೆ ಅಷ್ಟು ಆಳವೇ ಬೇಕಿತ್ತು. ಅಪ್ಪ ಹುಟ್ಟಿದ ಬೀದಿಯ ಕೆಳಗೆ ನಡೆದ ಕೆಲಸ ಇದು ಎಂದರೆ ಹದಿನಾಲ್ಕರ ಹುಡುಗಿ ಫೋನಿನಿಂದ ತಲೆ ಎತ್ತಿಯಾಳು.

ಇನ್ನು ಒಂದು ದಿನದ ಲೆಕ್ಕ. ಯಾವ ದಿನ ಎಂಬುದನ್ನು ನೀವು ಬರೆದಿಲ್ಲ, ನನಗೆ ಮುಖ್ಯವೆನಿಸುವುದು ಅದೇ. ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಜನ ಕತ್ತಲು ಹರಿಯುವ ಮುಂಚೆಯೇ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ರಾತ್ರಿ ಮರಳುತ್ತಾರೆ. ಬುಧವಾರ ಹನ್ನೊಂದು ಗಂಟೆಗೆ ನಿಮ್ಮ ಕಾರು ಚಾಂಪಿಯನ್ ರೀಫ್ಸ್ ತಲುಪಿದರೆ ಸಿಗುವುದು ಸೋದರತ್ತೆ ಒಬ್ಬರೇ, ಉಳಿದ ಮನೆಗಳಿಗೆ ಬೀಗ. ನೀವು ಬರುತ್ತೀರೆಂದು ಭಾವ ಮೈದುನರು ರಜೆ ಹಾಕುತ್ತಾರೆ ನಿಜ. ಅವರಲ್ಲಿ ದಿನಗೂಲಿಯವರು ಎಷ್ಟು ಜನ ಎಂದು ಯಜಮಾನರನ್ನು ಕೇಳಿ ನೋಡಿ. ರಜೆಯೆಂದರೆ ಅವರಿಗೆ ಆ ದಿನದ ಸಂಬಳವಿಲ್ಲ. ತಮಾಷೆಯೆಂದರೆ, ನೀವು ವೈಟ್‌ಫೀಲ್ಡ್‌ನಿಂದ ಅವರನ್ನು ನೋಡಲು ಹೊರಟ ಹೊತ್ತಿಗೆ ಅವರಲ್ಲೊಬ್ಬರು ಅದೇ ವೈಟ್‌ಫೀಲ್ಡ್ ಸ್ಟೇಷನ್ನಿನಲ್ಲಿ ಇಳಿದು ಕೆಲಸಕ್ಕೆ ಹೋಗಿರುತ್ತಾರೆ.

ಆದ್ದರಿಂದ ಶನಿವಾರ ಸಂಜೆ ಹೋಗಿ, ರಾತ್ರಿ ಅತ್ತೆಯ ಮನೆಯಲ್ಲೇ ಉಳಿದು, ಭಾನುವಾರ ಪೂರ್ತಿ ಇದ್ದು ಬನ್ನಿ. ಹೋಟೆಲಿನ ಆ ಒಂದು ರಾತ್ರಿಯ ದುಡ್ಡು ದಂಡವಾದರೆ ಆಗಲಿ. ಕ್ರಿಸ್‌ಮಸ್ ಆಸುಪಾಸಿನ ಭಾನುವಾರವಾದರೆ ಇನ್ನೂ ಒಳ್ಳೆಯದು, ಕೆಜಿಎಫ್ ಕ್ರಿಸ್‌ಮಸ್‌ಗೆ ಸಿಂಗರಿಸಿಕೊಳ್ಳುವ ಊರು. ಹೋಗುವಾಗ ರೈಲಿನಲ್ಲೇ ಹೋಗಿ. ಬಂಗಾರಪೇಟೆ ದಾಟಿದ ಮೇಲೆ 1894ರ ಕವಲು ಹಳಿ. ಕೋರಮಂಡಲ್, ಊರ್‌ಗಾಂ, ಚಾಂಪಿಯನ್, ಮಾರಿಕುಪ್ಪಂ. ಒಂದೊಂದು ಸ್ಟೇಷನ್ನಿಗೂ ನಿಮ್ಮ ಯಜಮಾನರ ಹತ್ತಿರ ಒಂದೊಂದು ಕಥೆ ಇರುತ್ತದೆ, ಕಾರಿನಲ್ಲಿ ಅದು ಹೊರಗೆ ಬರುವುದಿಲ್ಲ.

ಪ್ರಶ್ನೆ: ತಂಗಿಯ ಮದುವೆ ಬಂಗಾರಪೇಟೆಯಲ್ಲಿ. ನಾವು ಗಂಡ ಹೆಂಡತಿ ಕುವೈತ್‌ನಲ್ಲಿ ಆರು ವರ್ಷದಿಂದ ಇದ್ದೇವೆ. ಚಿನ್ನ ಎಷ್ಟು ತರಬಹುದು?
— ಓದುಗರು, ಕುವೈತ್

ಉತ್ತರ: ಒಂದು ವರ್ಷಕ್ಕಿಂತ ಹೆಚ್ಚು ಕಾಲ ಹೊರದೇಶದಲ್ಲಿದ್ದು ಬರುವ ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂವರೆಗೆ ಸುಂಕವಿಲ್ಲ. ಊರಿನ ಲೆಕ್ಕದಲ್ಲಿ ನಿಮ್ಮ ಮನೆಯವರಿಗೆ ಐದು ಸವರನ್, ನಿಮಗೆ ಎರಡೂವರೆ. ಇದು ಒಡವೆಗೆ ಮಾತ್ರ, ಬಿಸ್ಕತ್ತು ನಾಣ್ಯಕ್ಕಲ್ಲ. ಬೆಲೆಯ ಮಿತಿಯ ನಿಯಮ ಬದಲಾಗುತ್ತಿರುತ್ತದೆ, ಹೊರಡುವ ವಾರ ಕಸ್ಟಮ್ಸ್ ಜಾಲತಾಣ ನೋಡಿಕೊಳ್ಳಿ. ಅಂಗಡಿಯ ಬಿಲ್ಲು ಕೈಚೀಲದಲ್ಲಿರಲಿ. ಮಿತಿ ಮೀರಿದ್ದರೆ ಕೆಂಪು ದಾರಿಯಲ್ಲೇ ಹೋಗಿ ಸುಂಕ ಕಟ್ಟಿ. ಸರವನ್ನು ಅಂಗಿಯೊಳಗೆ ಸೇರಿಸಿಕೊಂಡು ಹಸಿರು ದಾರಿಯಲ್ಲಿ ನಡೆದು ಸಿಕ್ಕಿಬಿದ್ದು, ಮುಹೂರ್ತದ ಹೊತ್ತಿಗೆ ವಿಮಾನ ನಿಲ್ದಾಣದಲ್ಲಿ ಕೂರುವುದು ಯಾವ ತಂಗಿಗೂ ಬೇಡ.

ಪ್ರಶ್ನೆ: ಮಗನಿಗೆ ಹನ್ನೆರಡು ವರ್ಷ. ಅವನ ಬ್ರಿಟಿಷ್ ಪಾಸ್‌ಪೋರ್ಟ್ ಹೊಸದಾಗಿದೆ, ಓಸಿಐ ಪುಸ್ತಕದಲ್ಲಿ ಹಳೆಯ ನಂಬರೇ ಇದೆ. ತೊಂದರೆಯಾಗುತ್ತದೆಯೇ?
— ಓದುಗರು, ಲೆಸ್ಟರ್

ಉತ್ತರ: ಹೊಸ ಓಸಿಐ ಮಾಡಿಸಬೇಕಿಲ್ಲ. ಇಪ್ಪತ್ತು ತುಂಬುವವರೆಗೆ ಪಾಸ್‌ಪೋರ್ಟ್ ಬದಲಾದಾಗಲೆಲ್ಲ ಹೊಸ ಪಾಸ್‌ಪೋರ್ಟಿನ ಪ್ರತಿ ಮತ್ತು ಹೊಸ ಫೋಟೋವನ್ನು ಓಸಿಐ ಜಾಲತಾಣಕ್ಕೆ ಏರಿಸಿದರೆ ಸಾಕು, ಶುಲ್ಕವಿಲ್ಲ. ಮೂರು ತಿಂಗಳೊಳಗೆ ಮಾಡಿ.

ಪ್ರಶ್ನೆ: ನಮ್ಮ ತಂದೆಯವರಿಗೆ ಎಂಬತ್ತೊಂದು. ನಂದಿದುರ್ಗ ಗಣಿಯಲ್ಲಿ ಅಂಡರ್‌ಗ್ರೌಂಡ್ ಕೆಲಸ ಮಾಡಿದವರು. ಈಗ ನಮ್ಮ ಜೊತೆ ನ್ಯೂಜೆರ್ಸಿಯಲ್ಲಿದ್ದಾರೆ, ಉಸಿರಾಟದ ತೊಂದರೆ ಇದೆ. ಸಾಯುವ ಮುಂಚೆ ಒಂದು ಸಲ ಊರು ನೋಡಬೇಕು ಅನ್ನುತ್ತಾರೆ. ಕರೆತರಬಹುದೇ?
— ಓದುಗರು, ಎಡಿಸನ್

ಉತ್ತರ: ಕರೆತರಬಹುದೇ ಎಂಬುದನ್ನು ಅವರ ಶ್ವಾಸಕೋಶದ ವೈದ್ಯರು ಹೇಳಬೇಕು. ಬಂಡೆ ಕೊರೆಯುವಾಗ ಏಳುವ ಸಿಲಿಕಾ ದೂಳು ಗಣಿ ಕೆಲಸಗಾರರ ಎದೆಯನ್ನು ಕೆಡಿಸುತ್ತದೆ, ಅದಕ್ಕೆ ಸಿಲಿಕೋಸಿಸ್ ಎನ್ನುತ್ತಾರೆ. ಅಲ್ಲಿನ ವೈದ್ಯರಿಗೆ ಇವರು ಗಣಿಯಲ್ಲಿದ್ದವರು ಎಂಬುದು ಗೊತ್ತಿದೆಯೇ ಎಂದು ಮೊದಲು ಕೇಳಿ. ಎಷ್ಟೋ ಮಕ್ಕಳು ಅದನ್ನು ಹೇಳಿರುವುದೇ ಇಲ್ಲ. ಆಮ್ಲಜನಕದ ಯಂತ್ರ ಬೇಕಾದರೆ ವಿಮಾನ ಸಂಸ್ಥೆಗೆ ವೈದ್ಯರ ಪತ್ರದೊಂದಿಗೆ ಮುಂಚಿತವಾಗಿ ತಿಳಿಸಬೇಕು.

ಬೇಸಿಗೆ ಬೇಡ. ಆ ಗಾಳಿಗೆ ಸೈನೈಡ್ ದಿಬ್ಬದ ಪುಡಿ ಊರ ತುಂಬ ಹಾರುತ್ತದೆ. ಡಿಸೆಂಬರ್ ಜನವರಿ ಪರವಾಗಿಲ್ಲ, ಆದರೆ ಬೆಳಗಿನ ಚಳಿ ಮಂಜು ಇಳಿಯುವವರೆಗೆ ಮನೆಯೊಳಗಿರಲಿ. ಗಣಿ ಕಂಪನಿಯ ಆಸ್ಪತ್ರೆಯ ಕಾಲ ಮುಗಿದಿದೆ. ದೊಡ್ಡ ಆಸ್ಪತ್ರೆ ಬೇಕಾದರೆ ಕೋಲಾರದ ಟಮಕದಲ್ಲಿ ಆರ್. ಎಲ್. ಜಾಲಪ್ಪ ಆಸ್ಪತ್ರೆ ಇದೆ.

ಗಣಿಯ ಶಾಫ್ಟ್ ನೋಡಲು ಮೊದಲ ದಿನವೇ ಕರೆದೊಯ್ಯಬೇಡಿ. ಮುರಿದ ಕಟ್ಟಡ, ಬೆಳೆದ ಗಿಡಗಂಟಿ ಕಂಡು ಅವರು ಸೋತುಹೋಗುತ್ತಾರೆ. ಬದುಕಿರುವ ಜೊತೆಗಾರರು ಯಾರು, ಗಣಿ ಮನೆಗಳ ಯಾವ ಲೈನ್‌ನಲ್ಲಿದ್ದಾರೆ ಎಂದು ಈಗಲೇ ಫೋನು ಮಾಡಿ ಪಟ್ಟಿ ಮಾಡಿ, ಮೊದಲು ಆ ಮನೆಗಳಿಗೆ ಹೋಗಿ. ಅವರು ತಮಿಳು, ತೆಲುಗು, ಕನ್ನಡ ಕಲಸಿ ಮಾತಾಡುತ್ತಾರೆ. ಗಣಿಯೊಳಗೆ ಬಂಡೆ ಸಿಡಿಯುವ ಯಾವ ರಾಕ್ ಬರ್ಸ್ಟ್‌ನಲ್ಲಿ ಯಾರು ಹೋದರು, ಯಾರು ಪಾಳಿ ಬದಲಿಸಿಕೊಂಡು ಉಳಿದರು ಎಂಬ ಮಾತು ಬರುತ್ತದೆ. ಮೊಮ್ಮಕ್ಕಳಿಗೆ ಅರ್ಥವಾಗಲಿಲ್ಲವೆಂದು ನಡುವೆ ಬಾಯಿ ಹಾಕಬೇಡಿ. ಅಪ್ಪನನ್ನು ಕೇಳಿ ಫೋನಿನ ರೆಕಾರ್ಡರ್ ಒತ್ತಿ ಮೂಲೆಯಲ್ಲಿ ಕುಳಿತುಕೊಳ್ಳಿ. ನ್ಯೂಜೆರ್ಸಿಯಲ್ಲಿ ನಿಮಗೆ ಎಂದೂ ಹೇಳದ್ದನ್ನು ಅವರು ಅಲ್ಲಿ ಹೇಳುತ್ತಾರೆ.

ಪ್ರಶ್ನೆ: ಅಮೆರಿಕದಿಂದ ನಮ್ಮ ಅಣ್ಣ, ಅತ್ತಿಗೆ, ಮಕ್ಕಳು ಮೂರು ವಾರಕ್ಕೆ ಬರುತ್ತಿದ್ದಾರೆ. ನಮ್ಮದು ಎರಡು ಕೋಣೆಯ ಮನೆ. ಅತ್ತಿಗೆ ಬೆಂಗಳೂರಿನಲ್ಲೇ ಉಳಿಯುತ್ತೇವೆ ಅಂದುಬಿಟ್ಟರು. ನಮ್ಮನೆ ನೀರು, ಬಚ್ಚಲು ಆಗಲ್ಲವೇನೋ ಅಂತ ಮನಸ್ಸಿಗೆ ಬೇಜಾರು. ಮಕ್ಕಳು ಖಾರ ಮುಟ್ಟಲ್ಲ, ಆದರೆ ಬಂಗಾರಪೇಟೆ ಪಾನಿಪೂರಿ ಬೇಕೇಬೇಕಂತೆ. ಏನು ಮಾಡಲಿ?
— ಓದುಗರು, ಬಂಗಾರಪೇಟೆ

ಉತ್ತರ: ಅಮ್ಮಾ, ಬೇಜಾರು ಸಹಜ. ಆದರೆ ಮೂರು ವಾರ ಆರು ಜನ ಎರಡು ಕೋಣೆಯಲ್ಲಿ ಇದ್ದರೆ ಎರಡನೇ ವಾರಕ್ಕೆ ನಿಮಗೇ ಸಾಕಾಗುತ್ತದೆ. ಅತ್ತಿಗೆ ಹೇಳಿದ್ದಕ್ಕೆ ಒಪ್ಪಿಕೊಳ್ಳಿ, ಬದಲಿಗೆ ಎರಡು ಶನಿವಾರದ ರಾತ್ರಿ ಮಾತ್ರ ನಮ್ಮಲ್ಲಿ ಮಲಗಬೇಕು ಎಂದು ಕೇಳಿ. ಅದನ್ನು ಅತ್ತಿಗೆಗೇ ಫೋನು ಮಾಡಿ ಹೇಳಿ, ಅಣ್ಣನ ಮೂಲಕ ಬೇಡ. ಅಣ್ಣಂದಿರು ಇಂಥ ಮಾತನ್ನು ಅರ್ಧ ಮಾತ್ರ ತಲುಪಿಸುತ್ತಾರೆ.

ನೀರಿನ ವಿಚಾರದಲ್ಲಿ ಅತ್ತಿಗೆ ಮೇಲೆ ಕೋಪ ಮಾಡಿಕೊಳ್ಳಬೇಡಿ. ನಮ್ಮ ಕೋಲಾರ ಜಿಲ್ಲೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದು ಹೊಸ ಸುದ್ದಿಯಲ್ಲ, ನೀವೂ ಕುಡಿಯಲು ಕ್ಯಾನ್ ನೀರೇ ತರಿಸುತ್ತಿರಬಹುದು. ಅದನ್ನೇ ಅವರ ಕಣ್ಣೆದುರು ತರಿಸಿ. ಖಾರ ತಿನ್ನದ ಮಕ್ಕಳಿಗೆ ಈ ಕಾಲದಲ್ಲಿ ಅವರೆಕಾಯಿ ಇದೆಯಲ್ಲ. ಹಿತಕಿದ ಬೇಳೆ ಸಾರಿಗೆ ಮೆಣಸಿನಕಾಯಿ ಕಡಿಮೆ ಹಾಕಿ ಮುದ್ದೆಗೆ ತುಪ್ಪ ಬಿಡಿ. ಅವರೆ ಹಿತಕುವ ಕೆಲಸಕ್ಕೆ ಅವರನ್ನೇ ಕೂರಿಸಿ. ಬೀಜ ಗೋಡೆಗೆ ಹಾರುತ್ತದೆ, ಹಾರಲಿ.

ಪಾನಿಪೂರಿ ನಿಮ್ಮ ಊರಿನ ಮಾನದ ಪ್ರಶ್ನೆ, ಬೇಡವೆನ್ನಲಾರೆ. ಬಣ್ಣವೇ ಇಲ್ಲದ ಆ ಪಾನಿ ನೋಡಲು ಬರೀ ನೀರು, ಬಾಯಿಗಿಟ್ಟರೆ ಖಾರ ನೆತ್ತಿಗೇರುತ್ತದೆ. ಮಕ್ಕಳಿಗೆ ಮೊದಲೇ ಎಚ್ಚರಿಸಿ. ಬಂದ ದಿನವೇ ಬೇಡ, ಹೊಟ್ಟೆ ಊರಿಗೆ ಹೊಂದಿಕೊಂಡ ಮೇಲೆ, ಕ್ಯಾನ್ ನೀರು ಬಳಸುವ ಅಂಗಡಿಯಲ್ಲಿ, ಸಂಜೆ ಮೊದಲ ಗಿರಾಕಿಗಳಾಗಿ ಹೋಗಿ. ವಾಪಸು ಹೋಗುವ ವಿಮಾನದ ಹಿಂದಿನ ದಿನ ಮಾತ್ರ ಯಾರು ಎಷ್ಟೇ ಅತ್ತರೂ ಕೊಡಿಸಬೇಡಿ.